‘ಉಷ್ಣ ಆಗಿದೆ ಸಾರ್’

ಕೇಳುಗರೇ, ನಮಸ್ಕಾರ.

ತೀರ್ಥಹಳ್ಳಿ ಕಡೆಯ ಒಬ್ಬರು ಮೊದಲ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದಿದ್ದರು. ಹೊರರೋಗಿ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗೆ ಸೇರಿಸಿದ್ದರು. ಅವರ ಊರಲ್ಲೂ ಆಸ್ಪತ್ರೆ ಇದೆ. ಆದರೆ ಅಲ್ಲಿ ಚೀಟಿ ಬರೆಯುವವರು ದೂರದ ನೆಂಟರು! ಮಲೆನಾಡಲ್ಲಿ ಯಾರಿಗೆ ಯಾರು ನೆಂಟರಲ್ಲ, ಹೇಳಿ.

‘ಉಷ್ಣ ಆಗಿದೆ ಸಾರ್’ ಅಂದರು. ಮೂತ್ರಕ್ಕೆ ಹೋದರೆ ಉರಿ, ಜೊತೆಗೆ ಕೀವು. ಎಳನೀರು, ಜೀರಿಗೆ ಕಷಾಯ ಎಲ್ಲ ಆಗಿತ್ತು. ಮೆಡಿಕಲ್ ಶಾಪಿನಲ್ಲಿ ಕೇಳಿ ಎರಡು ಮಾತ್ರೆ ನುಂಗಿದ್ದರು. ಉರಿ ತಗ್ಗಿತು, ವಾರ ಕಳೆದ ಮೇಲೆ ಮತ್ತೆ ಶುರು. ಹೀಗೆ ಅರೆಬರೆ ಮಾತ್ರೆ ತಿಂದೂ ತಿಂದೂ, ಗೊನೊರಿಯಾದಂಥ ಲೈಂಗಿಕ ಸೋಂಕಿನ ರೋಗಾಣು ಇವತ್ತು ಹಳೆಯ ಔಷಧಿಗಳಿಗೆ ಜಗ್ಗುತ್ತಿಲ್ಲ.

ನಾನು ಆಪ್ತ ಸಮಾಲೋಚಕ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಆಸ್ಪತ್ರೆಯಲ್ಲಿ ಕಂಡದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಬೆಂಚಿನ ತುಂಬ ಜನ. ಒಳಗಿಂದ ಕೂಗು ಬಂತು: ‘ಗುಪ್ತರೋಗದವರು ಯಾರ್ರೀ, ಬನ್ನಿ!’ ಒಬ್ಬರೂ ಏಳಲಿಲ್ಲ. ಬೀರುವಿನಲ್ಲಿ ಮಾತ್ರೆ ಇತ್ತು, ಡಾಕ್ಟರೂ ಇದ್ದರು. ಆದರೂ ಅವತ್ತು ಅಲ್ಲಿ ಚಿಕಿತ್ಸೆ ಇತ್ತು ಅಂತ ನಾನು ಹೇಳಲಾರೆ.

ಜಿಲ್ಲಾ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಸುರಕ್ಷಾ ಕ್ಲಿನಿಕ್ ಇರುತ್ತದೆ. ಲಕ್ಷಣ ನೋಡಿಯೇ ಔಷಧಿ ಕೊಡಲು ಬಣ್ಣಬಣ್ಣದ ಕಿಟ್ ಮಾಡಿದ್ದಾರೆ. ಮೂತ್ರನಾಳದ ಕೀವಿಗೆ ಬೂದು, ಬಿಳಿ ಸೆರಗಿಗೆ ಹಸಿರು, ಹೀಗೆ ಏಳು ಬಗೆ. ಲ್ಯಾಬ್ ರಿಪೋರ್ಟಿಗೆ ಕಾಯದೆ ಅವತ್ತೇ ಮಾತ್ರೆ ಸಿಗುತ್ತದೆ, ಅದು ಒಳ್ಳೆಯದೇ. ಆದರೆ ಲಕ್ಷಣವೇ ಇಲ್ಲದವರ ಗತಿ? ಎಷ್ಟೋ ಹೆಂಗಸರಿಗೆ ಸೋಂಕು ಒಳಗೇ ಇದ್ದರೂ ಏನೂ ಗೊತ್ತಾಗುವುದಿಲ್ಲ. ಹಾಗೇ ಬಿಟ್ಟರೆ ಮುಂದೆ ಮಕ್ಕಳಾಗುವುದೇ ಕಷ್ಟವಾಗಬಹುದು. ಇನ್ನೊಂದು ಮಾತು, ಬಿಳಿ ಹೋಗುವುದೆಲ್ಲ ಲೈಂಗಿಕ ಸೋಂಕಲ್ಲ. ಸುಮ್ನೆ ಗಂಡನ ಮೇಲೆ ಅನುಮಾನ ಪಡುವ ಮೊದಲು ತೋರಿಸಿಕೊಳ್ಳಿ.

ಬಸುರಿಯರು ಸಿಫಿಲಿಸ್ ಎಂಬ ಲೈಂಗಿಕ ಸೋಂಕಿನ ರಕ್ತಪರೀಕ್ಷೆಯನ್ನು ಮೊದಲ ತಿಂಗಳುಗಳಲ್ಲೇ ಮಾಡಿಸಬೇಕು. ಶುರುವಿನ ಹಂತದ ಸಿಫಿಲಿಸ್ ಒಂದೇ ಸಲದ ಪೆನಿಸಿಲಿನ್ ಇಂಜೆಕ್ಷನ್‌ಗೆ ವಾಸಿಯಾಗುತ್ತದೆ. ಬಿಟ್ಟರೆ ಹೊಟ್ಟೆಯೊಳಗಿನ ಮಗುವಿಗೂ ತಗಲಬಹುದು.

ತೀರ್ಥಹಳ್ಳಿಯವರಿಗೆ ಬೂದು ಕಿಟ್ ಕೊಟ್ಟೆವು, ಎಚ್‌ಐವಿ ಪರೀಕ್ಷೆಯೂ ಆಯಿತು. ಕಷ್ಟವಾದದ್ದು ಆಮೇಲೆ. ಮನೆಯವರಿಗೂ ಚಿಕಿತ್ಸೆ ಆಗಬೇಕು, ಇಲ್ಲದಿದ್ದರೆ ಸೋಂಕು ಇವರಿಂದ ಅವರಿಗೆ, ಅವರಿಂದ ಇವರಿಗೆ ಓಡಾಡುತ್ತಲೇ ಇರುತ್ತದೆ ಅಂದೆ. ಅವರು ಬಹಳ ಹೊತ್ತು ಚೀಟಿಯ ಮಡಿಕೆ ಬಿಚ್ಚುತ್ತಾ, ಮತ್ತೆ ಮಡಚುತ್ತಾ ಕೂತರು. ‘ಏನಂತ ಹೇಳಲಿ?’ ಅಂದರು. ಆ ಒಂದು ಪ್ರಶ್ನೆಗೆ ಮುಕ್ಕಾಲು ಗಂಟೆ ಬೇಕಾಯಿತು. ಹೊರಗೆ ಸಾಲು ಬೆಳೆಯುತ್ತಿತ್ತು, ಬೆಳೆಯಲಿ ಅಂತ ಬಿಟ್ಟೆ.

ಮುಂದಿನ ವಾರ ಇಬ್ಬರೂ ಬಂದರು. ಆಕೆ ಒಂದು ಮಾತೂ ಆಡಲಿಲ್ಲ. ಪರದೆ ಪೂರ್ತಿ ಎಳೆದಿದೆಯಾ ಅಂತ ಒಮ್ಮೆ ಕೈಯಿಂದ ಮುಟ್ಟಿ ನೋಡಿ, ಆಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.