ಕೆಮ್ಮು ಮತ್ತು ಕಲ್ಲು

ಕೇಳುಗರೆ, ನಮಸ್ಕಾರ.

ಇಟಲಿಯಲ್ಲಿ ಹಿಂದೆ ಒಂದು ಕಾನೂನಿತ್ತು. ಸಾಲಕ್ಕೆ ಮನೆ ಜಪ್ತಿ ಮಾಡಲು ಬಂದವರು ಬಸುರಿಯ ಅಥವಾ ಬಾಣಂತಿಯ ಮಂಚ ಮುಟ್ಟುವ ಹಾಗಿರಲಿಲ್ಲ. 1884ರ ಜುಲೈ 12ರಂದು ಲಿವೋರ್ನೋ ಎಂಬ ಬಂದರಿನ ಊರಲ್ಲಿ ಒಂದು ಯಹೂದಿ ಮನೆಗೆ ಅಮೀನರು ಬಂದರಂತೆ. ವ್ಯಾಪಾರ ಮುಳುಗಿತ್ತು. ಒಳಗೆ ಮನೆಯೊಡತಿ ಯೂಜೀನಿಯಾಗೆ ಹೆರಿಗೆ ನೋವು. ಮನೆಯವರು ಬೆಲೆಬಾಳುವ ಸಾಮಾನನ್ನೆಲ್ಲ ಹೊತ್ತು ತಂದು ಅವಳ ಮಂಚದ ಮೇಲೆ ಒಟ್ಟಿದರಂತೆ. ಆ ಮನೆಯವರೇ ಹೇಳಿಕೊಂಡು ಬಂದ ಕಥೆ ಇದು. ಅವತ್ತು ಹುಟ್ಟಿದ ಮಗು ಅಮೆಡೆಯೊ ಮೊದಿಗ್ಲಿಯಾನಿ. ಮನೆಯಲ್ಲಿ ದೇದೋ ಅನ್ನುತ್ತಿದ್ದರು.

ಹೆಸರು ಗೊತ್ತಿಲ್ಲದಿದ್ದರೂ ಅವನ ಚಿತ್ರ ನೀವು ಎಲ್ಲೋ ನೋಡಿರುತ್ತೀರಿ. ಉದ್ದ ಕತ್ತು, ಸ್ವಲ್ಪ ವಾಲಿದ ಕೋಲು ಮುಖ, ಬಾದಾಮಿಯಂಥ ಕಣ್ಣು. ಎಷ್ಟೋ ಚಿತ್ರಗಳಲ್ಲಿ ಆ ಕಣ್ಣೊಳಗೆ ಪಾಪೆಯೇ ಇರುವುದಿಲ್ಲ. ಅವನ ಜೀವನ ಅಂದರೆ ಜನ ಹೇಳುವುದು ಇಷ್ಟೇ: ಪ್ಯಾರಿಸ್‌ಗೆ ಹೋದ, ಕುಡಿದ, ಹಶೀಶ್ ಸೇದಿದ, 35 ವರ್ಷಕ್ಕೆ ಹೋಗಿಬಿಟ್ಟ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇಷ್ಟು ಹೇಳಿ ಸುಮ್ಮನಾದರೆ ನನಗೆ ಸಂಕಟವಾಗುತ್ತದೆ. ಅವನಿಗೆ ಇದ್ದ ಕಾಯಿಲೆಯ ಮಾತೇ ಬರಲಿಲ್ಲ, ಅಲ್ವಾ?

ಹನ್ನೊಂದನೇ ವಯಸ್ಸಿಗೆ ಶ್ವಾಸಕೋಶದ ಪೊರೆಗೆ ಬಾವು ಬಂತು. ಪ್ಲೂರಸಿ. ಹುಡುಗ ಉಳಿದ. ತಾಯಿ ತನ್ನ ದಿನಚರಿಯಲ್ಲಿ ಬರೆದಳು: ಈ ಗೂಡಿನೊಳಗೆ ಏನಿದೆಯೋ ಕಾದು ನೋಡಬೇಕು, ಒಬ್ಬ ಕಲಾವಿದ ಇರಬಹುದೇನೋ ಅಂತ. ಹದಿನಾಲ್ಕಕ್ಕೆ ಟೈಫಾಯ್ಡ್. ಆ ಕಾಲಕ್ಕೆ ಅದು ಜೀವ ತೆಗೆಯುವ ಜ್ವರ. ಮೈಮೇಲೆ ಎಚ್ಚರವಿಲ್ಲದೆ ಕನವರಿಸುತ್ತಿದ್ದ ಹುಡುಗನ ಬಾಯಲ್ಲಿ ಫ್ಲಾರೆನ್ಸ್ ಊರಿನ ಚಿತ್ರಗಳ ಮಾತು ಬಂತಂತೆ. ಅವನು ಅವನ್ನು ಕಣ್ಣಾರೆ ಕಂಡವನಲ್ಲ. ವಾಸಿಯಾಗು ಮಗನೇ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದಳು ತಾಯಿ. ಅದೇ 1898ರಲ್ಲಿ ಹುಡುಗ ಶಾಲೆ ಬಿಟ್ಟು, ಊರಿನ ಚಿತ್ರಕಾರ ಮಿಕೇಲಿ ಹತ್ತಿರ ಕಲಿಯತೊಡಗಿದ. ಗಟ್ಟಿಮುಟ್ಟಾದ ಮಗನಾಗಿದ್ದರೆ ಓದು ಮುಗಿಸು, ಆಮೇಲೆ ನೋಡೋಣ ಅನ್ನುತ್ತಿದ್ದರೇನೋ. ಸಾವಿನ ಬಾಗಿಲಿಂದ ಬಂದ ಮಗನಿಗೆ ಯಾವ ತಾಯಿ ಇಲ್ಲ ಅಂದಾಳು?

ಹದಿನಾರರ ಸುಮಾರಿಗೆ ಕ್ಷಯ ಕಾಣಿಸಿಕೊಂಡಿತು. ನಾವು ಆ ಕಾಯಿಲೆಗೆ ಇಟ್ಟ ಹೆಸರಲ್ಲೇ ಸವೆಯುವುದು ಇದೆ. ಅದರ ಕ್ರಿಮಿಯನ್ನು ಜರ್ಮನಿಯ ರಾಬರ್ಟ್ ಕಾಖ್ 1882ರಲ್ಲೇ ಕಂಡುಹಿಡಿದಿದ್ದ. ಆದರೆ ಅದನ್ನು ಕೊಲ್ಲುವ ಔಷಧಿ, ಸ್ಟ್ರೆಪ್ಟೋಮೈಸಿನ್, ಬಂದದ್ದು 1940ರ ದಶಕದಲ್ಲಿ. ನಡುವಿನ ಕಾಲದವರಿಗೆ ಒಳ್ಳೆ ಗಾಳಿ, ಒಳ್ಳೆ ಊಟ, ವಿಶ್ರಾಂತಿ, ಇಷ್ಟೇ. ತಾಯಿ ಅವನನ್ನು ಬೆಚ್ಚಗಿನ ದಕ್ಷಿಣಕ್ಕೆ ಕರೆದುಕೊಂಡು ಹೋದಳು. ನೇಪಲ್ಸ್, ಕಾಪ್ರಿ, ರೋಮ್. ಗಾಳಿ ಬದಲಾಯಿಸಲು ಹೋದ ಹುಡುಗ ಅಲ್ಲಿನ ಹಳೇ ಚರ್ಚುಗಳಲ್ಲಿ ಕಲ್ಲಿನ ವಿಗ್ರಹಗಳನ್ನು ನೋಡಿದ. ಶಿಲ್ಪಿಯಾಗಬೇಕು ಎಂಬ ಆಸೆ ಬೆಳೆಯಿತು.

ಯೋಚನೆ ಮಾಡಿ. ಎದೆಯಲ್ಲಿ ಕ್ಷಯ, ಮನಸ್ಸಲ್ಲಿ ಕಲ್ಲು.

1906ರಲ್ಲಿ ಪ್ಯಾರಿಸ್‌ಗೆ ಬಂದ. ಮೂರು ವರ್ಷದ ಮೇಲೆ ಬ್ರಾಂಕುಸಿ ಎಂಬ ರುಮೇನಿಯಾದ ಶಿಲ್ಪಿಯ ಪರಿಚಯವಾಯಿತು. ಉಳಿ ಹಿಡಿದ. ಮೊದಲು ಜೇಡಿಮಣ್ಣಿನಲ್ಲಿ ಮಾದರಿ ಮಾಡಿಕೊಳ್ಳುವ ರೂಢಿಯನ್ನು ಬಿಟ್ಟು, ಸೀದಾ ಸುಣ್ಣಕಲ್ಲಿಗೇ ಉಳಿ ಇಟ್ಟ. ಕಟ್ಟಡ ಕಟ್ಟುವ ಜಾಗಗಳಿಂದ ರಾತ್ರಿ ಹೊತ್ತು ಕಲ್ಲು ತರುತ್ತಿದ್ದನಂತೆ. ಸುಣ್ಣಕಲ್ಲು ಮೆದು. ಒಂದು ಏಟಿಗೆ ಬಿಳಿ ಪುಡಿ ಏಳುತ್ತದೆ. ಕೂದಲು, ಹುಬ್ಬು, ಮೂಗಿನ ಹೊಳ್ಳೆ, ಎಲ್ಲ ಕಡೆ ಕೂರುತ್ತದೆ. ಉಸಿರೆಳೆದರೆ ಒಳಗೂ ಹೋಗುತ್ತದೆ. ಈಗಾಗಲೇ ತೂತು ಬಿದ್ದಿರುವ ಎದೆಗೆ!

ಆದರೂ ವರ್ಷಗಟ್ಟಲೆ ಕೆತ್ತಿದ. ಕಂಬದ ಹಾಗೆ ಉದ್ದ ಮುಖಗಳು, ನೇರವಾಗಿ ಇಳಿದ ಮೂಗು, ಚಿಕ್ಕ ಬಾಯಿ. 1912ರ ದೊಡ್ಡ ಪ್ರದರ್ಶನವೊಂದರಲ್ಲಿ ಅಂಥ ಏಳು ತಲೆಗಳನ್ನು ಇಟ್ಟ. ಎಪ್‌ಸ್ಟೀನ್ ಎಂಬ ಶಿಲ್ಪಿ ಅವನ ಕೋಣೆ ನೋಡಿ ಬಂದು ಬರೆದಿದ್ದಾನೆ: ರಾತ್ರಿಯಾದರೆ ಆ ಕಲ್ಲಿನ ತಲೆಗಳ ಮೇಲೆ ಮೇಣದಬತ್ತಿ ಹಚ್ಚಿಡುತ್ತಿದ್ದನಂತೆ, ಗುಡಿಯ ಹಾಗೆ.

1914ರ ಹೊತ್ತಿಗೆ ಉಳಿ ಕೆಳಗಿಟ್ಟ. ಕಾರಣ ಒಂದೇ ಅಲ್ಲ. ಕೈಯಲ್ಲಿ ದುಡ್ಡಿರಲಿಲ್ಲ, ಯುದ್ಧ ಬಂತು. ಆದರೆ ಧೂಳು ತಡೆಯುವ ಶಕ್ತಿ ಮೈಯಲ್ಲಿ ಉಳಿದಿರಲಿಲ್ಲ ಎಂಬುದಂತೂ ಖಂಡಿತ. ಸೈನ್ಯಕ್ಕೆ ಸೇರುತ್ತೇನೆ ಎಂದು ಹೋದರೆ ಆರೋಗ್ಯ ನೋಡಿ ವಾಪಸ್ ಕಳಿಸಿದರು. ಅವನು ಕೆತ್ತಿದ ತಲೆಗಳಲ್ಲಿ ಈಗ ಉಳಿದಿರುವುದು ಇಪ್ಪತ್ತೈದರ ಆಸುಪಾಸು.

ಕಲ್ಲು ಕೈಬಿಟ್ಟಿತು, ಆದರೆ ಕಣ್ಣು ಬಿಡಲಿಲ್ಲ. ಆಮೇಲಿನ ಚಿತ್ರಗಳನ್ನು ನೋಡಿ. ಆ ಮೂಗು ಉಳಿಯಿಂದ ತೆಗೆದ ಹಾಗಿದೆ. ಕತ್ತು ಕಂಬದ ಹಾಗೆ ನಿಂತಿದೆ. ಪಾಪೆ ಇಲ್ಲದ ಕಣ್ಣು ವಿಗ್ರಹದ ಕಣ್ಣು. ಕಲ್ಲಲ್ಲಿ ಒಂದು ತಲೆ ಬಿಡಿಸಲು ವಾರಗಟ್ಟಲೆ ಬೇಕು. ಬಣ್ಣದಲ್ಲಿ ಒಬ್ಬರನ್ನು ಒಂದೆರಡು ಸಲ ಎದುರಿಗೆ ಕೂರಿಸಿಕೊಂಡರೆ ಚಿತ್ರ ಮುಗಿಯುತ್ತಿತ್ತು. ನಾಳೆ ಮೈಯಲ್ಲಿ ಕಸುವು ಇರುತ್ತದೋ ಇಲ್ಲವೋ ಗೊತ್ತಿಲ್ಲದವನ ಆತುರ ಅದರಲ್ಲಿ ನನಗೆ ಕಾಣುತ್ತದೆ. ಬರೆದದ್ದೂ ಬರೀ ಮನುಷ್ಯರನ್ನೇ. ಮರ, ದಾರಿ, ಮನೆ ಇರುವ ಅವನ ಚಿತ್ರ ನಮಗೆ ಗೊತ್ತಿರುವುದು ಬೆರಳೆಣಿಕೆಯಷ್ಟೇ.

ಇನ್ನು ಕುಡಿತ. ಕ್ಷಯ ಅಂದರೆ ಜನ ದೂರ ಸರಿಯುತ್ತಿದ್ದ ಕಾಲ. ನಮ್ಮಲ್ಲೂ ಅಂಥವರ ತಟ್ಟೆ, ಲೋಟ ಬೇರೆ ಇಡುತ್ತಿದ್ದರು. ಕುಡುಕ ಅನ್ನಿಸಿಕೊಂಡರೆ ಕೆಫೆಯಲ್ಲಿ ಪಕ್ಕ ಕೂರುತ್ತಾರೆ, ಕ್ಷಯದವನು ಅನ್ನಿಸಿಕೊಂಡರೆ ಎದ್ದು ಹೋಗುತ್ತಾರೆ. ಕೆಮ್ಮನ್ನು ಅಡಗಿಸಲು, ಕಾಯಿಲೆಯನ್ನು ಮುಚ್ಚಿಡಲು ಅವನು ಕುಡಿತದ ಮರೆ ಹಿಡಿದ ಎನ್ನುವ ಜೀವನಚರಿತ್ರೆಕಾರರಿದ್ದಾರೆ. ನನಗೆ ಆ ಮಾತು ನಂಬಬೇಕು ಅನ್ನಿಸುತ್ತದೆ.

1918ರಲ್ಲಿ ಮತ್ತೆ ದಕ್ಷಿಣದ ಬಿಸಿಲು, ಈ ಸಲ ಫ್ರಾನ್ಸಿನ ನೀಸ್. ಜೊತೆಗೆ ಝಾನ್ ಎಬ್ಯುಟೆರ್ನ್, ಅವಳೂ ಚಿತ್ರಕಾರ್ತಿ. ನವೆಂಬರಿನಲ್ಲಿ ಮಗಳು ಹುಟ್ಟಿದಳು. 1920ರ ಜನವರಿ 24ರಂದು ಪ್ಯಾರಿಸ್‌ನ ಆಸ್ಪತ್ರೆಯಲ್ಲಿ ಅವನು ತೀರಿಕೊಂಡ. ಕ್ಷಯ ಮಿದುಳಿನ ಪೊರೆಗೆ ಏರಿತ್ತು. ಎರಡು ದಿನ ಕಳೆಯುವ ಮೊದಲೇ, ತುಂಬು ಬಸುರಿ ಝಾನ್ ಕೂಡ ತನ್ನ ಪ್ರಾಣ ಕಳೆದುಕೊಂಡಳು. ಇದರ ಬಗ್ಗೆ ಹೆಚ್ಚು ಹೇಳಲು ನನ್ನಿಂದ ಆಗುವುದಿಲ್ಲ.

ಸಾಯುವ ಹಿಂದಿನ ವರ್ಷ, 1919ರಲ್ಲಿ, ಅವನು ತನ್ನದೇ ಚಿತ್ರ ಬರೆದುಕೊಂಡ. ಈಗ ಅದು ಬ್ರೆಜಿಲ್‌ನ ಸಾವೊ ಪೌಲೊದಲ್ಲಿದೆ. ಕುರ್ಚಿಯಲ್ಲಿ ಕೂತಿದ್ದಾನೆ. ಕೈಯಲ್ಲಿ ಬಣ್ಣದ ಹಲಗೆ. ಕೆನ್ನೆ ಇಳಿದಿದೆ. ಕಣ್ಣು ಅರ್ಧ ಮುಚ್ಚಿ ಸಣ್ಣ ಗೀಟಾಗಿದೆ. ಕಂಡವರ ಕತ್ತನ್ನೆಲ್ಲ ಅಷ್ಟು ಉದ್ದ, ಅಷ್ಟು ಚೆಂದ ಬರೆದವನು ತನ್ನ ಕತ್ತಿಗೆ ಮಫ್ಲರ್ ಸುತ್ತಿಕೊಂಡಿದ್ದಾನೆ.