ಮೊದಲು ಮೋಟಾರಿನ ಪ್ಲೇಟ್ ಓದಿ

ನಮಸ್ಕಾರ. ಮನೆಯಲ್ಲಿರುವುದು ಸಿಂಗಲ್ ಫೇಸ್ ಕರೆಂಟ್. ಗುಜರಿ ಅಂಗಡಿಯಲ್ಲಿ ಒಂದು ಎಚ್‌ಪಿ ತ್ರೀ ಫೇಸ್ ಮೋಟಾರ್ ಅಗ್ಗಕ್ಕೆ ಸಿಕ್ಕಿದೆ. ಅದಕ್ಕೆ ಬೇಕಾದ ಸಪ್ಲೈಯನ್ನು ನಾನೇ ಮಾಡಿಕೊಳ್ಳಬಹುದಾ ಅಂತ ಕೇಳುವ ಹುಡುಗರು ಜಾಸ್ತಿ. ಖಂಡಿತ ಮಾಡಬಹುದು. ಆದರೆ ಸಾಮಾನು ತರೋಕೆ ಓಡುವ ಮುಂಚೆ ಮೋಟಾರಿನ ನೇಮ್ ಪ್ಲೇಟ್ ಒರೆಸಿ ಓದಿ.

ಯಾಕೆ ಅಂತೀರಾ? ನೀವು ಮಾಡುವ ಡಬ್ಬಿಯೊಳಗೆ ನಡೆಯುವುದು ಇಷ್ಟೇ. 230 ವೋಲ್ಟ್ ಎಸಿ ರೆಕ್ಟಿಫೈಯರ್ ದಾಟಿ ಡಿಸಿ ಆಗುತ್ತದೆ. ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ತುಂಬುತ್ತದೆ. ಆ ಡಿಸಿಯನ್ನು ಆರು ಐಜಿಬಿಟಿಗಳು, ಅಂದರೆ ಎಲೆಕ್ಟ್ರಾನಿಕ್ ಸ್ವಿಚ್‌ಗಳು, ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಮಾಡಿ ಮೂರು ಫೇಸ್ ಮಾಡಿಕೊಡುತ್ತವೆ. ಎಷ್ಟೇ ಚೆನ್ನಾಗಿ ಕಟ್ಟಿದರೂ ಎರಡು ಫೇಸ್ ನಡುವೆ ಬರುವುದು 230 ವೋಲ್ಟ್. ಕಾರ್ಖಾನೆ ಲೈನಿನ 415 ಇಲ್ಲಿ ಬರುವುದಿಲ್ಲ.

ನಮ್ಮ ಲ್ಯಾಬಿಗೆ ಒಬ್ಬ ಹುಡುಗ ತಾನೇ ಮಾಡಿದ ಸಪ್ಲೈ ತಂದಿದ್ದ. ಅಚ್ಚುಕಟ್ಟಾದ ಕೆಲಸ, ನೋಡಿ ಖುಷಿಯಾಯಿತು. ಮೇಲಿನ ಐಜಿಬಿಟಿ ಮತ್ತು ಕೆಳಗಿನದು ಒಟ್ಟಿಗೆ ಆನ್ ಆಗದಂತೆ ಡೆಡ್ ಟೈಮ್ ಅನ್ನುವ ಚಿಕ್ಕ ಬಿಡುವು ಕೂಡ ಬಿಟ್ಟಿದ್ದ. ಮೋಟಾರ್ ಖಾಲಿ ಇದ್ದಾಗ ಚೆನ್ನಾಗಿಯೇ ಓಡುತ್ತಿತ್ತು. ಅದು ತಿರುಗಿಸುವ ಡ್ರಿಲ್ಲಿನ ಬಿಟ್ ಕಬ್ಬಿಣಕ್ಕೆ ತಾಗಿಸಿದರೆ ಗುಂಯ್ ಅಂತ ನಿಂತುಬಿಡುತ್ತಿತ್ತು. ಪಾಪ, ಐಜಿಬಿಟಿ ಬದಲಾಯಿಸಿದ್ದ, ಪ್ರೋಗ್ರಾಮ್ ತಿದ್ದಿದ್ದ, ದೊಡ್ಡ ಕೆಪಾಸಿಟರ್ ಹಾಕಿದ್ದ. "ಎಲ್ಲಾ ಸರಿ ಇದೆ ಸಾರ್, ಮೋಟಾರೇ ಕೆಟ್ಟಿರಬೇಕು" ಅಂದ. "ಪ್ಲೇಟ್ ಓದಿದೆಯೇನಪ್ಪಾ?" ಅಂದೆ. ಪ್ಲೇಟಿನ ಮೇಲೆ ಯಾರೋ ಬಣ್ಣ ಬಳಿದಿದ್ದರು. ಕೆರೆದ ಮೇಲೆ ಕಂಡಿತು: 230 ವೋಲ್ಟ್ ಡೆಲ್ಟಾ, 415 ವೋಲ್ಟ್ ಸ್ಟಾರ್. ಮೋಟಾರಿನ ಮೂರು ವೈಂಡಿಂಗ್ ಜೋಡಿಸುವ ಎರಡು ರೀತಿ ಇವು. ಡೆಲ್ಟಾದಲ್ಲಿ ಒಂದೊಂದು ವೈಂಡಿಂಗಿಗೂ ಎರಡು ಫೇಸ್ ನಡುವಿನ ಪೂರ್ತಿ ವೋಲ್ಟ್ ಸಿಗುತ್ತದೆ. ಸ್ಟಾರಿನಲ್ಲಿ ಮೂರರ ಒಂದೊಂದು ತುದಿ ಒಂದೇ ಕಡೆ ಸೇರಿರುತ್ತದೆ, ಸಿಗುವ ವೋಲ್ಟ್ ಕಡಿಮೆ. ಟರ್ಮಿನಲ್ ಬಾಕ್ಸ್ ಬಿಚ್ಚಿದೆವು. ಹಿತ್ತಾಳೆ ಪಟ್ಟಿಗಳು ಒಂದೇ ಸಾಲಿನಲ್ಲಿ ಅಡ್ಡಕ್ಕೆ ಕೂತಿದ್ದವು. ಅಂದರೆ ಸ್ಟಾರ್. ಒಂದೊಂದು ವೈಂಡಿಂಗಿಗೂ ಸಿಗುತ್ತಿದ್ದದ್ದು 133 ವೋಲ್ಟ್. ತಿರುಗಿಸುವ ಬಲ ಮೂರರಲ್ಲಿ ಒಂದು ಪಾಲಿಗೆ ಇಳಿದಿತ್ತು. ಪಟ್ಟಿಗಳನ್ನು ತೆಗೆದು ಮೇಲಿಂದ ಕೆಳಕ್ಕೆ ಮೂರು ಜೋಡಿಯಾಗಿ ಹಾಕಿ ನಟ್ ಬಿಗಿದೆವು. ಡೆಲ್ಟಾ ಆಯಿತು. ಅದೇ ಡ್ರಿಲ್ ಅದೇ ಕಬ್ಬಿಣವನ್ನು ಸುರುಳಿ ಸುರುಳಿಯಾಗಿ ಕೊರೆಯಿತು. ಸಪ್ಲೈಯಲ್ಲಿ ಒಂದು ವೈರನ್ನೂ ನಾವು ಮುಟ್ಟಿರಲಿಲ್ಲ!

ಅದಕ್ಕೇ ಮತ್ತೆ ಹೇಳುತ್ತೇನೆ, ಪ್ಲೇಟ್ ಓದಿ. 415 ಸ್ಟಾರ್ ಅಂತ ಮಾತ್ರ ಬರೆದಿದ್ದು, ಮೂರೇ ವೈರ್ ಹೊರಗೆ ಬಂದಿದ್ದರೆ ವೈಂಡಿಂಗ್ ಅಂಗಡಿಗೆ ಕೊಡಿ. ಒಳಗಿನ ಸ್ಟಾರ್ ಜಾಯಿಂಟ್ ಬಿಚ್ಚಿ ಆರು ವೈರ್ ಹೊರಗೆ ತೆಗೆದುಕೊಡುತ್ತಾರೆ, ಆಮೇಲೆ ಡೆಲ್ಟಾ ಮಾಡಿಕೊಳ್ಳಬಹುದು. 415 ಡೆಲ್ಟಾ ಅಂತ ಇದ್ದರೆ ಆ ಮೋಟಾರ್ ತರಲೇಬೇಡಿ. ಈ ಸಪ್ಲೈಯಲ್ಲಿ ಅದಕ್ಕೆ ಪೂರ್ತಿ ಬಲ ಇರುವುದು 50 ಹರ್ಟ್ಸ್ ಬದಲು ಸುಮಾರು 28 ಹರ್ಟ್ಸ್‌ವರೆಗೆ ಮಾತ್ರ, ಅಂದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ವೇಗದವರೆಗೆ.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಒಮ್ಮೆಲೇ 50 ಹರ್ಟ್ಸ್ ಕೊಡಬೇಡಿ, ವೋಲ್ಟ್ ಮತ್ತು ಹರ್ಟ್ಸ್ ಎರಡನ್ನೂ ಜೊತೆಯಾಗಿ ನಿಧಾನಕ್ಕೆ ಏರಿಸಿ. ಮೊದಲ ಸಲ ಆನ್ ಮಾಡುವಾಗ ಸೀರೀಸಲ್ಲಿ ಒಂದು ಫಿಲಮೆಂಟ್ ಬಲ್ಬ್ ಇರಲಿ. ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ 325 ವೋಲ್ಟ್ ಉಳಿದಿರುತ್ತದೆ, ಅದು ಜೀವ ತೆಗೆಯುವಷ್ಟು. ಅದನ್ನು ಇಳಿಸಲು ಕೆಪಾಸಿಟರಿನ ಎರಡು ತುದಿಗಳ ನಡುವೆ ಒಂದು ರೆಸಿಸ್ಟರ್ ಕಾಯಂ ಆಗಿ ಹಾಕಿ. ಪ್ರತಿ ಸಲ ಮೀಟರ್ ಇಟ್ಟು, ಸೊನ್ನೆಗೆ ಇಳಿದಿದೆ ಅಂತ ಕಣ್ಣಾರೆ ನೋಡಿದ ಮೇಲೆಯೇ ಒಳಗೆ ಕೈ ಹಾಕಿ. ನಮಸ್ಕಾರ.