ಸೆಲ್ಫ್, ಸ್ವಿಚ್ಚು ಮತ್ತು ಜನರಲ್ ಮೋಟರ್ಸ್

ಮಾತಿಗಿಂತ ಮೊದಲು ಒಂದು ಸಾಮಾನು ನಿಮ್ಮ ಕೈಗೆ ಕೊಡುತ್ತೇನೆ. ಶಿವಾಜಿನಗರದ ಗುಜರಿಯಲ್ಲಿ ಸಿಕ್ಕ ಹಳೆಯ ಇಗ್ನಿಷನ್ ಸ್ವಿಚ್ಚು. ಯಾವ ಕಾರಿನದೋ ಗೊತ್ತಿಲ್ಲ. ನಾನು ಇವತ್ತು ಹೇಳಹೊರಟಿರುವ ಜನರಲ್ ಮೋಟರ್ಸ್ ಎಂಬ ಅಮೆರಿಕದ ಕಾರು ಕಂಪನಿಯದಂತೂ ಅಲ್ಲ. ಮುಚ್ಚಳ ಬಿಚ್ಚಿದ್ದೇನೆ. ಒಳಗೆ ಬಾಲ್ ಪೆನ್ನಿನಲ್ಲಿರುವಂಥ ಒಂದು ಸ್ಪ್ರಿಂಗ್, ಅದರ ತುದಿಗೆ ಗುಂಡು ಮೂತಿಯ ಒಂದು ಪುಟ್ಟ ಕಡ್ಡಿ. ಕೀ ತಿರುಗಿಸಿದರೆ ಟಕ್, ಟಕ್ ಎಂದು ಒಂದೊಂದು ಹಂತದಲ್ಲಿ ನಿಲ್ಲುತ್ತದಲ್ಲ, ಹಾಗೆ ತಡೆದು ನಿಲ್ಲಿಸುವುದು ಈ ಕಡ್ಡಿ. ನೋಡಿ ಪಕ್ಕದವರಿಗೆ ದಾಟಿಸಿ. ಸ್ಪ್ರಿಂಗ್ ಚಿಮ್ಮಿಬಿಡುತ್ತದೆ, ಜೋಪಾನ.

ನಮ್ಮ ಗ್ಯಾರೇಜುಗಳಲ್ಲಿ ಒಂದು ಮಾತು ದಿನಕ್ಕೆ ಹತ್ತು ಸಲ ಕೇಳುತ್ತದೆ: 'ಸೆಲ್ಫ್ ತಗೊಳ್ತಿಲ್ಲ ಸಾರ್.' ಸೆಲ್ಫ್ ಅಂದರೆ ಸೆಲ್ಫ್ ಸ್ಟಾರ್ಟರ್. ತಾನಾಗಿ ಸ್ಟಾರ್ಟ್ ಆಗುವುದು ಒಂದು ಕಾಲಕ್ಕೆ ಎಷ್ಟು ದೊಡ್ಡ ಸುದ್ದಿಯಾಗಿತ್ತು ಅನ್ನುವುದಕ್ಕೆ ಆ ಪದವೇ ಸಾಕ್ಷಿ. ಅದಕ್ಕೂ ಮುಂಚೆ ಹ್ಯಾಂಡಲ್ ಹೊಡೆಯಬೇಕಿತ್ತು. ಹಳೆಯ ಲಾರಿಗಳ ಮುಂದೆ ಕ್ಲೀನರ್ ಹುಡುಗ ಬಗ್ಗಿ ಹ್ಯಾಂಡಲ್ ಹೊಡೆಯುತ್ತಿದ್ದುದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಹೆಬ್ಬೆರಳನ್ನು ಹ್ಯಾಂಡಲ್ಲಿನ ಸುತ್ತ ಹಾಕಬಾರದು, ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಬೇಕು ಎಂದು ಡ್ರೈವರ್ ಗದರುತ್ತಿದ್ದ. ಎಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳೋ ಮಣಿಕಟ್ಟೋ ಮುರಿಯುವುದು ಖಂಡಿತ.

ಈ ಹ್ಯಾಂಡಲ್ಲಿನಿಂದ ಜನರನ್ನು ಬಿಡಿಸಿದವನು ಚಾರ್ಲ್ಸ್ ಕೆಟರಿಂಗ್, ಅಮೆರಿಕದ ಒಹಾಯೊ ರಾಜ್ಯದ ಡೇಟನ್ ಊರಿನಲ್ಲಿದ್ದ ಎಂಜಿನಿಯರ್. ಅದಕ್ಕೆ ಮೊದಲು ಅಂಗಡಿಗಳ ಕ್ಯಾಷ್ ರಿಜಿಸ್ಟರಿಗೆ ವಿದ್ಯುತ್ ಮೋಟರು ಕೂರಿಸಿದ್ದವನು. ಎಂಜಿನ್ ತಿರುಗಿಸುವಷ್ಟು ಬಲದ ಮೋಟರು ಬೇಕಾದರೆ ಅದು ಕಾರಿನಲ್ಲಿ ಇಡಲಾಗದಷ್ಟು ದಪ್ಪವಾಗುತ್ತದೆ ಎಂದು ಉಳಿದವರು ಕೈಚೆಲ್ಲಿದ್ದರು. ಕೆಟರಿಂಗ್ ಲೆಕ್ಕ ಬೇರೆ. ಗಲ್ಲಾಪೆಟ್ಟಿಗೆಯ ಮೋಟರು ದಿನವಿಡೀ ಓಡುವುದಿಲ್ಲ, ಒಂದು ಕ್ಷಣ ಜೋರಾಗಿ ದುಡಿದು ಸುಮ್ಮನಾಗುತ್ತದೆ. ಕಾರಿನದೂ ಅಷ್ಟೇ ತಾನೆ? ಚಿಕ್ಕ ಮೋಟರನ್ನೇ ಕೆಲವು ಸೆಕೆಂಡು ಅದರ ಶಕ್ತಿಗೆ ಮೀರಿ ದುಡಿಸಿದರಾಯಿತು. 1912ರ ಕ್ಯಾಡಿಲಾಕ್ ಕಾರಿಗೆ ಅದು ಬಂತು. ಕ್ಯಾಡಿಲಾಕ್ ಆಗಲೇ ಜನರಲ್ ಮೋಟರ್ಸ್ ಮನೆಗೆ ಸೇರಿತ್ತು. ಜಿಎಂ ಎಂದ ಕೂಡಲೇ ನನಗೆ ನೆನಪಾಗುವ ಮೊದಲ ಒಳ್ಳೆಯ ಕೆಲಸ ಇದು.

ಎರಡನೆಯ ನೆನಪು ಇನ್ನೂ ಹಳೆಯದು. 1908ರಲ್ಲಿ ಇಂಗ್ಲೆಂಡಿನಲ್ಲಿ ಮೂರು ಕ್ಯಾಡಿಲಾಕ್‌ಗಳನ್ನು ರಾಯಲ್ ಆಟೊಮೊಬೈಲ್ ಕ್ಲಬ್‌ನವರ ಎದುರು ನಟ್ಟು ಬೋಲ್ಟಿನವರೆಗೂ ಬಿಚ್ಚಿದರು. ಎಲ್ಲ ಭಾಗಗಳನ್ನೂ ಒಂದೇ ರಾಶಿ ಮಾಡಿ ಕಲಸಿದರು. ಕೆಲವನ್ನು ತೆಗೆದಿಟ್ಟು ಡೀಲರ್ ಅಂಗಡಿಯ ಬಿಡಿಭಾಗಗಳನ್ನು ಸೇರಿಸಿದರು. ಆ ರಾಶಿಯಿಂದಲೇ ಮೂರು ಕಾರು ಮತ್ತೆ ಜೋಡಿಸಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ 500 ಮೈಲಿ ಓಡಿಸಿದರು. ಆ ಕಾಲದಲ್ಲಿ ಭಾಗ ಕೂರದಿದ್ದರೆ ಫಿಟ್ಟರ್ ಅರ ಹಾಕಿ ಉಜ್ಜಿ ಕೂರಿಸುವುದೇ ಪದ್ಧತಿ. ಇಲ್ಲಿ ಅರ ಮುಟ್ಟುವಂತಿರಲಿಲ್ಲ. ಮೂರೂ ಓಡಿದವು, ಡ್ಯೂವರ್ ಟ್ರೋಫಿ ಬಂತು. ಹೆನ್ರಿ ಲೆಲ್ಯಾಂಡ್ ಕಟ್ಟಿದ ಈ ಕ್ಯಾಡಿಲಾಕ್ ಕಂಪನಿಯನ್ನು ಮರುವರ್ಷ ಜಿಎಂ ಕೊಂಡಿತು; ಹೆಸರೂ ಜೊತೆಗೇ ಬಂತು. ಒಂದು ಪಾರ್ಟ್ ನಂಬರಿನ ಭಾಗ ಎಲ್ಲಿ ಸಿಕ್ಕರೂ ಒಂದೇ ಇರುತ್ತದೆ ಎಂಬ ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಆಮೇಲೆ ಬೇಕಾಗುತ್ತದೆ.

ಜಿಎಂ ಹುಟ್ಟಿದ್ದು ಅದೇ 1908ರ ಸೆಪ್ಟೆಂಬರಿನಲ್ಲಿ. ಕಟ್ಟಿದವನು ವಿಲಿಯಂ ಡ್ಯುರಾಂಟ್, ಮಿಷಿಗನ್ ರಾಜ್ಯದ ಫ್ಲಿಂಟ್ ಊರಿನಲ್ಲಿ ಕುದುರೆಗಾಡಿ ಮಾಡಿಸಿ ಶ್ರೀಮಂತನಾದವನು. ಕಾರು ಮಾಡುವುದಕ್ಕಿಂತ ಕಂಪನಿ ಕೊಳ್ಳುವುದರಲ್ಲೇ ಅವನಿಗೆ ಆಸೆ. ಬ್ಯೂಕ್, ಓಲ್ಡ್ಸ್‌ಮೊಬೀಲ್, ಓಕ್‌ಲ್ಯಾಂಡ್, ಕ್ಯಾಡಿಲಾಕ್ ಎಂದು ಬಾಚಿಕೊಂಡ. ಫೋರ್ಡನ್ನೂ ಕೊಳ್ಳಲು ಹೋಗಿದ್ದ, ದುಡ್ಡು ಹೊಂದಲಿಲ್ಲ. 1910ರಲ್ಲಿ ಸಾಲ ಕೊಟ್ಟ ಬ್ಯಾಂಕಿನವರು ಅವನನ್ನು ಬದಿಗೆ ಸರಿಸಿದರು. ಆತ ಲೂಯಿ ಷೆವ್ರೊಲೆ ಎಂಬ ರೇಸ್ ಡ್ರೈವರ್ ಜೊತೆ ಹೊಸ ಕಂಪನಿ ಕಟ್ಟಿ, ಅದರ ಬಲದಿಂದಲೇ 1916ರಲ್ಲಿ ಜಿಎಂ ಅನ್ನು ವಾಪಸ್ ಕೈಗೆ ತೆಗೆದುಕೊಂಡ. 1920ರಲ್ಲಿ ಮತ್ತೆ ಕಳೆದುಕೊಂಡ. ಕೊನೆಗಾಲದಲ್ಲಿ ಫ್ಲಿಂಟಿನಲ್ಲಿ ಬೌಲಿಂಗ್ ಆಟದ ಅಂಗಡಿ ನಡೆಸುತ್ತಿದ್ದ. ನನಗೆ ಈ ಮನುಷ್ಯನ ಬಗ್ಗೆ ಒಂದು ಬಗೆಯ ಪ್ರೀತಿ ಇದೆ, ಇರಲಿ.

ಆಮೇಲೆ ಬಂದವನು ಆಲ್ಫ್ರೆಡ್ ಸ್ಲೋನ್. ಪ್ರೀತಿ ಹುಟ್ಟಿಸುವ ಆಸಾಮಿ ಅಲ್ಲ, ಆದರೆ ತಲೆಯೆಂದರೆ ತಲೆ. 1920ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಫೋರ್ಡ್. ಒಂದೇ ಮಾದರಿ, ವರ್ಷದಿಂದ ವರ್ಷಕ್ಕೆ ಅಗ್ಗ. ಬೆಲೆಯಲ್ಲಿ ಸೆಣಸಿ ಗೆಲ್ಲಲಾಗದು ಎಂದು ಸ್ಲೋನ್‌ಗೆ ಗೊತ್ತಿತ್ತು. ಅವನು ಕಟ್ಟಿದ್ದು ಏಣಿ. ಕೆಳಮೆಟ್ಟಿಲಲ್ಲಿ ಷೆವ್ರೊಲೆ, ನಂತರ ಪಾಂಟಿಯಾಕ್, ಓಲ್ಡ್ಸ್‌ಮೊಬೀಲ್, ಬ್ಯೂಕ್, ತುದಿಯಲ್ಲಿ ಕ್ಯಾಡಿಲಾಕ್. ಕೈಯಲ್ಲಿ ದುಡ್ಡು ಸಾಲದವನಿಗೆ ಕಂತಿನ ಸಾಲ ಕೊಡಲು 1919ರಿಂದಲೇ ಕಂಪನಿಯದೇ ಫೈನಾನ್ಸ್ ಇತ್ತು. ಅಂದ ಚೆಂದ ನೋಡಿಕೊಳ್ಳಲು 1927ರಲ್ಲಿ ಹಾರ್ಲಿ ಅರ್ಲ್ ಕೈಯಲ್ಲಿ ಪ್ರತ್ಯೇಕ ವಿಭಾಗ ತೆರೆದರು. ವರ್ಷವರ್ಷವೂ ರೂಪ ಬದಲು. ಪಕ್ಕದ ಮನೆ ಮುಂದೆ ಹೊಸ ಬ್ಯೂಕ್ ಬಂದು ನಿಂತರೆ ನಿಮ್ಮ ಮೂರು ವರ್ಷದ ಷೆವ್ರೊಲೆ ನಿಮ್ಮ ಕಣ್ಣಿಗೇ ಹಳೆಯದಾಗಿ ಕಾಣಬೇಕು. ಎಂಜಿನ್ ಚೆನ್ನಾಗಿದ್ದರೂ ಸರಿ. ಇವತ್ತು ನೀವು ಎರಡು ವರ್ಷಕ್ಕೊಮ್ಮೆ ಮೊಬೈಲ್ ಬದಲಿಸುವುದರ ಮೂಲಪುರುಷ ಯಾರು ಎಂದು ಕೇಳಿದರೆ ನಾನು ಸ್ಲೋನ್ ಕಡೆ ಬೆರಳು ತೋರಿಸುತ್ತೇನೆ.

1928ರಲ್ಲಿ ಮುಂಬಯಿಯಲ್ಲಿ ಜೋಡಣೆ ಕಾರ್ಖಾನೆ ತೆರೆದು ಜಿಎಂ ನಮ್ಮ ದೇಶಕ್ಕೂ ಬಂತು. 1931ರಿಂದ 77 ವರ್ಷ ಜಗತ್ತಿನಲ್ಲಿ ಅತಿ ಹೆಚ್ಚು ವಾಹನ ಮಾರುವ ಕಂಪನಿ ಅದೇ. 1955ರಲ್ಲಿ ಒಂದೇ ವರ್ಷ 100 ಕೋಟಿ ಡಾಲರ್ ಮೀರಿ ನಿವ್ವಳ ಲಾಭ ಮಾಡಿದ ಅಮೆರಿಕದ ಮೊದಲ ಕಂಪನಿಯೂ ಅದೇ.

ಇದೆಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಆಗಲಿಲ್ಲ. 1936ರ ಡಿಸೆಂಬರ್ ಕೊನೆಯಲ್ಲಿ ಫ್ಲಿಂಟಿನ ಕಾರ್ಮಿಕರು ಕಾರ್ಖಾನೆಯೊಳಗೇ ಕುಳಿತುಬಿಟ್ಟರು. ಹೊರಗೆ ಮುಷ್ಕರ ಹೂಡಿದರೆ ಬೇರೆಯವರನ್ನು ತಂದು ಕೆಲಸ ಮಾಡಿಸುತ್ತಾರೆ, ಒಳಗೇ ಕುಳಿತರೆ ಏನು ಮಾಡುತ್ತಾರೆ? ಒಂದು ದಿನ ಪೊಲೀಸರು ಅಶ್ರುವಾಯು ಬಿಟ್ಟರು, ಒಳಗಿನವರು ಕಾರಿನ ಹಿಂಜ್‌ಗಳನ್ನೇ ಎಸೆದರು. 44 ದಿನದ ನಂತರ ಕಂಪನಿ ಯೂನಿಯನ್ನಿಗೆ ಮಾನ್ಯತೆ ಕೊಟ್ಟಿತು. ಇನ್ನು ನಮ್ಮ ಕೆಟರಿಂಗ್. 1921ರಲ್ಲಿ ಇವನ ಪ್ರಯೋಗಾಲಯದಲ್ಲೇ ಥಾಮಸ್ ಮಿಜ್ಲಿ ಎಂಬಾತ ಎಂಜಿನ್ ಕುಟ್ಟುವುದನ್ನು ನಿಲ್ಲಿಸಲು ಪೆಟ್ರೋಲಿಗೆ ಸೀಸ ಬೆರೆಸುವುದನ್ನು ಕಂಡುಹಿಡಿದ. ಹ್ಯಾಂಡಲ್ಲಿನಿಂದ ನಮ್ಮ ಕೈ ಉಳಿಸಿದವರು ನಮ್ಮ ಉಸಿರಿಗೆ ಸೀಸ ಸೇರಿಸಿದರು. ನಮ್ಮ ಬಂಕುಗಳಲ್ಲಿ 'ಅನ್‌ಲೆಡೆಡ್' ಎಂಬ ಬೋರ್ಡು ನೋಡಿದ ನೆನಪು ಹಿರಿಯರಿಗೆ ಇದ್ದೀತು. ದೇಶದಲ್ಲಿ ಸೀಸ ಪೂರ್ತಿ ತೊಲಗಿದ್ದು 2000ದಲ್ಲಿ.

ಜಿಎಂ ಹೆಸರಿಗೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಅದರದೇ ಕೊರ್ವೇರ್ ಕಾರಿನಿಂದ. 1960ರ ಮಾದರಿ, ಎಂಜಿನ್ ಹಿಂದೆ. ತಿರುವಿನಲ್ಲಿ ಹಿಂದಿನ ಚಕ್ರ ಒಳಕ್ಕೆ ಮಡಚಿಕೊಂಡು ಕಾರು ಕೈತಪ್ಪುತ್ತದೆ ಎಂಬ ದೂರು. ರಾಲ್ಫ್ ನೇಡರ್ ಎಂಬ ಯುವ ವಕೀಲ 1965ರಲ್ಲಿ ಕಾರುಗಳ ಸುರಕ್ಷತೆಯ ಮೇಲೆ ಪುಸ್ತಕ ಬರೆದ. ಕೊರ್ವೇರ್‌ಗೆ ಅದರಲ್ಲಿ ಒಂದು ಅಧ್ಯಾಯ. ಸುಮ್ಮನಿದ್ದಿದ್ದರೆ ಪುಸ್ತಕ ಗ್ರಂಥಾಲಯ ಸೇರುತ್ತಿತ್ತೋ ಏನೋ. ಕಂಪನಿ ಖಾಸಗಿ ಪತ್ತೇದಾರರನ್ನು ಹಿಂದೆ ಬಿಟ್ಟು ಅವನ ಖಾಸಗಿ ಬದುಕನ್ನು ಕೆದಕಿಸಿತು. ಅದು ಬಯಲಾಗಿ, 1966ರ ಮಾರ್ಚ್‌ನಲ್ಲಿ ಜಿಎಂ ಅಧ್ಯಕ್ಷ ಜೇಮ್ಸ್ ರೋಶ್ ಸೆನೆಟ್ ಸಮಿತಿಯ ಎದುರು ಕ್ಷಮೆ ಕೇಳಬೇಕಾಯಿತು. ಅದೇ ವರ್ಷ ವಾಹನ ಸುರಕ್ಷತೆಯ ಕಾನೂನು ಬಂತು. ತಮಾಷೆ ಎಂದರೆ, 1972ರ ಸರ್ಕಾರಿ ವರದಿ ಕೊರ್ವೇರ್ ತನ್ನ ಓರಗೆಯ ಕಾರುಗಳಿಗಿಂತ ಹೆಚ್ಚು ಅಪಾಯಕಾರಿ ಅಲ್ಲ ಎಂದಿತು. ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತು. ಕಾರು ಕೆಡಿಸಿದ್ದಕ್ಕಿಂತ ಪತ್ತೇದಾರರು ಹೆಸರು ಕೆಡಿಸಿದ್ದೇ ಹೆಚ್ಚು.

ಜಪಾನಿನ ಕಾರುಗಳು, ತೈಲದ ಬಿಕ್ಕಟ್ಟು, ಪಿಂಚಣಿಯ ಹೊರೆ, ಇವನ್ನೆಲ್ಲ ನೀವು ಓದಿರುತ್ತೀರಿ, ನಾನು ಜಿಗಿಯುತ್ತೇನೆ. 2009ರ ಜೂನ್ 1ರಂದು ಜಿಎಂ ದಿವಾಳಿ ಅರ್ಜಿ ಹಾಕಿತು. ಅಮೆರಿಕ ಸರ್ಕಾರ ಸುಮಾರು 5000 ಕೋಟಿ ಡಾಲರ್ ಸುರಿದು ಬಹುಪಾಲು ಷೇರು ತೆಗೆದುಕೊಂಡು ಅದನ್ನು ಎತ್ತಿ ನಿಲ್ಲಿಸಿತು. ಪಾಂಟಿಯಾಕ್ ಏಣಿಯಿಂದ ಕಳಚಿತು. ಓಲ್ಡ್ಸ್‌ಮೊಬೀಲ್ ಅದಕ್ಕೂ ಮೊದಲೇ ಹೋಗಿತ್ತು.

ಈಗ ಸ್ವಿಚ್ಚು ಎಲ್ಲಿದೆ? ಮೂರನೇ ಸಾಲಿನಲ್ಲಾ? ಇರಲಿ, ಕೈಯಲ್ಲೇ ಇಟ್ಟುಕೊಂಡು ಕೇಳಿ.

ಷೆವ್ರೊಲೆ ಕೋಬಾಲ್ಟ್, ಸ್ಯಾಟರ್ನ್ ಅಯಾನ್, ಎರಡೂ 2000ದ ದಶಕದ ಜಿಎಂನ ಅಗ್ಗದ ಕಾರುಗಳು. ಅವುಗಳ ಸ್ವಿಚ್ಚಿನಲ್ಲಿ ಆ ಕಡ್ಡಿ, ಸ್ಪ್ರಿಂಗ್ ಇರಬೇಕಾದಷ್ಟು ಬಿಗಿ ಇರಲಿಲ್ಲ. ಕಂಪನಿಯೇ ಬರೆದಿಟ್ಟ ಅಳತೆಗಿಂತ ಸಡಿಲ ಎಂದು ಗೊತ್ತಿದ್ದೂ 2002ರಲ್ಲಿ ಒಪ್ಪಿಗೆ ಸಿಕ್ಕಿತ್ತು. ಕೀ ಗೊಂಚಲು ಭಾರವಾಗಿದ್ದರೆ, ಮೊಣಕಾಲು ತಗುಲಿದರೆ, ರಸ್ತೆ ಕುಲುಕಿದರೆ, ಓಡುತ್ತಿರುವಾಗಲೇ ಕೀ ಒಂದು ಹಂತ ಹಿಂದಕ್ಕೆ ಜಾರುತ್ತಿತ್ತು. ಎಂಜಿನ್ ಬಂದ್. ಪವರ್ ಸ್ಟೀರಿಂಗ್ ಇಲ್ಲ, ಬ್ರೇಕಿನ ಬೂಸ್ಟರ್ ಸಹಾಯ ಇಲ್ಲ. ಎಲ್ಲಕ್ಕಿಂತ ಕೆಟ್ಟದ್ದು, ಕಾರು ಹೋಗಿ ಗುದ್ದಿದರೆ ಏರ್‌ಬ್ಯಾಗ್ ತೆರೆಯುವುದಿಲ್ಲ. ಒಳಗಿನ ಎಂಜಿನಿಯರುಗಳು ಇದನ್ನು 'ಗ್ರಾಹಕರ ಅನುಕೂಲ'ದ ವಿಷಯ ಎಂಬ ಖಾನೆಗೆ ಹಾಕಿದರು. ಗಾಡಿ ಆಫ್ ಆಗುತ್ತದೆ, ಕಿರಿಕಿರಿ, ಅಷ್ಟೇ. ಕೀ ಆ ಹಂತಕ್ಕೆ ಜಾರಿದರೆ ಏರ್‌ಬ್ಯಾಗ್ ಸತ್ತುಹೋಗುತ್ತದೆ ಎಂಬುದು ಅದೇ ಕಂಪನಿಯ ಇನ್ನೊಂದು ವಿಭಾಗ ಮಾಡಿಟ್ಟ ವ್ಯವಸ್ಥೆ. ಎರಡನ್ನೂ ಒಟ್ಟಿಗೆ ನೋಡಿದವರಿಲ್ಲ.

2006ರಲ್ಲಿ ಒಬ್ಬ ಎಂಜಿನಿಯರ್ ಸದ್ದಿಲ್ಲದೆ ಸರಿಪಡಿಸಲು ಸಹಿ ಹಾಕಿದ. ಕಡ್ಡಿ ಸುಮಾರು ಒಂದೂವರೆ ಮಿಲಿಮೀಟರ್ ಉದ್ದವಾಯಿತು, ಸ್ಪ್ರಿಂಗ್ ಬಿಗಿಯಾಯಿತು. ಆದರೆ ಪಾರ್ಟ್ ನಂಬರ್ ಹಳೆಯದೇ ಉಳಿಯಿತು. ಬ್ರೂಕ್‌ಲ್ಯಾಂಡ್ಸ್ ನೆನಪಿದೆಯಲ್ಲ? ನೂರು ವರ್ಷದ ಹಿಂದೆ ರಾಶಿಯಿಂದ ಯಾವ ಭಾಗ ಎತ್ತಿದರೂ ಒಂದೇ ಎಂದು ತೋರಿಸಿ ಗೆದ್ದವರ ಮನೆಯಲ್ಲಿ ಈಗ ಒಂದೇ ನಂಬರಿನ ಹೆಸರಿನಲ್ಲಿ ಎರಡು ಬೇರೆ ಬೇರೆ ಸಾಮಾನು. ಹಾಗಾಗಿ ಹಳೆಯ ಕಾರುಗಳಲ್ಲಿ ಅಪಘಾತ, ಹೊಸದರಲ್ಲಿ ಇಲ್ಲ. ಕಾಗದದ ಮೇಲೆ ಮಾತ್ರ ಸ್ವಿಚ್ಚು ಅದೇ. ತನಿಖೆ ಮಾಡುವವರು ವರ್ಷಗಟ್ಟಲೆ ತಲೆ ಕೆರೆದುಕೊಂಡರು.

ಗಂಟು ಬಿಚ್ಚಿದ್ದು ಹೊರಗಿನವನು. ಜಾರ್ಜಿಯಾ ರಾಜ್ಯದಲ್ಲಿ ಕೋಬಾಲ್ಟ್ ಅಪಘಾತದಲ್ಲಿ ಮಗಳನ್ನು ಕಳೆದುಕೊಂಡ ತಂದೆತಾಯಿ ಕೇಸು ಹಾಕಿದ್ದರು. ಅವರ ಪರ ತಜ್ಞ ಡೀಲರ್ ಹತ್ತಿರ ಹೋಗಿ ಹೊಸ ಸ್ವಿಚ್ಚು ಕೊಂಡು, ಹಳೆಯದರ ಪಕ್ಕ ಇಟ್ಟು, ಎಕ್ಸ್‌ರೇ ತೆಗೆದು ನೋಡಿದ. ಕಡ್ಡಿಯ ಉದ್ದ ಬೇರೆ! ಅಲ್ಲಿ ಕೂತಿರುವ ನಿಮ್ಮಲ್ಲಿ ಯಾರಿಗಾದರೂ ಸೂಕ್ಷ್ಮ ಅಳತೆ ತೆಗೆಯುವ ವರ್ನಿಯರ್ ಕ್ಯಾಲಿಪರ್ ಕೊಟ್ಟಿದ್ದರೆ ಹತ್ತು ನಿಮಿಷದ ಕೆಲಸ. ಈ ಮಾತು ಹೇಳುವಾಗ ನನಗೆ ಸಿಟ್ಟು ಬರುತ್ತದೆ.

2014ರ ಫೆಬ್ರವರಿಯಲ್ಲಿ ಕಾರು ವಾಪಸ್ ಕರೆಯುವುದು ಶುರುವಾಗಿ 26 ಲಕ್ಷದವರೆಗೆ ಬೆಳೆಯಿತು. ಮೇರಿ ಬಾರಾ ಮುಖ್ಯಸ್ಥೆಯಾಗಿ ಕೆಲವೇ ವಾರ ಆಗಿತ್ತು. ಅವರ ತಂದೆ ಪಾಂಟಿಯಾಕ್‌ನಲ್ಲಿ ಡೈ ಮೇಕರ್, ಅಂದರೆ ಅಚ್ಚು ಮಾಡುವವರು. ಆಕೆಯೂ 18ನೇ ವಯಸ್ಸಿಗೇ ಜಿಎಂ ಸೇರಿದವರು. ಏಪ್ರಿಲ್‌ನಲ್ಲಿ ಸಂಸತ್ ಸಮಿತಿಯ ಎದುರು ಕೂತಾಗ, ಸರಿಪಡಿಸುವ ಭಾಗಕ್ಕೆ ತಗಲುತ್ತಿದ್ದದ್ದು 57 ಸೆಂಟ್ ಎಂದು ಒಬ್ಬ ಸದಸ್ಯೆ ದಾಖಲೆ ಓದಿದರು. ಸತ್ತವರು 13 ಎಂದು ಕಂಪನಿ ಮೊದಲು ಹೇಳಿತ್ತು. ಪರಿಹಾರ ನಿಧಿ ಕೊನೆಗೆ ಒಪ್ಪಿದ್ದು 124 ಸಾವು. ಒಳತನಿಖೆಯ ವರದಿ 'ಜಿಎಂ ನಾಡ್' ಎಂಬ ಒಂದು ಅಭ್ಯಾಸವನ್ನು ದಾಖಲಿಸಿದೆ: ಸಭೆಯಲ್ಲಿ ಎಲ್ಲರೂ ಆಗಲಿ ಎಂದು ತಲೆಯಾಡಿಸುವುದು, ಎದ್ದು ಹೋಗಿ ಯಾರೂ ಏನೂ ಮಾಡದಿರುವುದು. ನಮ್ಮ ಕಚೇರಿಗಳಲ್ಲಿ ಇದಕ್ಕೆ ಹೆಸರಿಲ್ಲ, ಅಷ್ಟೇ.

ಅಮೆರಿಕ ಸರ್ಕಾರದ ವಾಹನ ಸುರಕ್ಷತಾ ಇಲಾಖೆ ಬಯಲಿಗಿಟ್ಟ ಜಿಎಂನ ಇನ್ನೊಂದು ಕಾಗದ ಇದೆ, 2008ರ ತರಬೇತಿಯದು. ವರದಿ ಬರೆಯುವಾಗ ಬಳಸಬಾರದ 69 ಪದಗಳ ಪಟ್ಟಿ. 'ಡಿಫೆಕ್ಟ್' ಬರೆಯಬೇಡಿ, 'ವಿನ್ಯಾಸದಂತೆ ಕೆಲಸ ಮಾಡುತ್ತಿಲ್ಲ' ಎನ್ನಿ. 'ಪ್ರಾಬ್ಲಂ' ಬೇಡ. 'ಸೇಫ್ಟಿ' ಕೂಡ ಬೇಡ. 'ಟೈಟಾನಿಕ್' ಬೇಡ. ಆ ಪಟ್ಟಿಯಲ್ಲಿ 'ಕೊರ್ವೇರ್‌ನಂಥದ್ದು' ಎಂಬುದೂ ಇದೆ. ನಾಲ್ಕು ದಶಕದ ನಂತರವೂ ಆ ಕಾರು ಅವರ ನಿದ್ದೆಯಲ್ಲಿ ಬರುತ್ತಿತ್ತು ಎಂದಾಯಿತು.

ನಮ್ಮ ಕಡೆಯದೂ ಒಂದು ಮಾತು. ನಮ್ಮ ರಸ್ತೆಗಳಲ್ಲಿ ಹಳದಿ ಬೋರ್ಡಿನ ಟ್ಯಾಕ್ಸಿಯಾಗಿ ಜಿಎಂನ ಷೆವ್ರೊಲೆ ಟವೇರಾ ಎಷ್ಟು ಓಡಿತು ನೆನಪಿರಬೇಕು. 2013ರಲ್ಲಿ ಕಂಪನಿ 1.14 ಲಕ್ಷ ಟವೇರಾಗಳನ್ನು ವಾಪಸ್ ಕರೆಯಿತು. ಹೊಗೆ ತಪಾಸಣೆಗೆ ಹೋಗುವ ಗಾಡಿಗಳಿಗೆ ಆಯ್ದ ಎಂಜಿನ್ ಕೂರಿಸಿ ನೌಕರರು ಪಾಸು ಮಾಡಿಸುತ್ತಿದ್ದುದನ್ನು ಕಂಪನಿಯೇ ಒಪ್ಪಿಕೊಂಡಿತು. 2017ರ ಕೊನೆಗೆ ಇಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು.

ನನ್ನ ಮಾತು ಇಷ್ಟೇ. ಪ್ರಶ್ನೆ ಕೇಳುವ ಮೊದಲು ಆ ಸ್ವಿಚ್ಚು ವಾಪಸ್ ಕೊಡಿ. ಎಲ್ಲ ಇದೆಯಾ? ಕಡ್ಡಿ ಇದೆ, ಮುಚ್ಚಳ ಇದೆ... ಸ್ಪ್ರಿಂಗ್ ಯಾರ ಹತ್ತಿರ?